ಕೊರಗು ಎದೆಗಿಳಿದಾಗ



ನಮ್ಮ ಧರ್ಮಕೇಂದ್ರದಲ್ಲಿ ಒಬ್ಬ ಬಸ್ ಚಾಲಕರಿದ್ದಾರೆ. ಕೆಲವು ವರ್ಷಗಳ ಹಿಂದೆ, ತಮ್ಮ 54ನೆಯ ವಯಸ್ಸಿನಲ್ಲಿ, ಅವರಿಗೆ ಹೃದಯಾಘಾತವಾಯಿತು. ಸಕಾಲಕ್ಕೆ ಆಸ್ಪತ್ರೆ ಸೇರಿದರು, ಸ್ಟೆಂಟ್ ಹಾಕಿಸಿಕೊಂಡರು, ವಾರದೊಳಗೆ ಮನೆಗೆ ಬಂದರು. ಊರಿನವರೆಲ್ಲ ಹಣ್ಣು ಹಿಡಿದುಕೊಂಡು ಹೋಗಿ ನೋಡಿ ಬಂದರು. ನಾನೂ ಹೋಗಿ ಪರಮಪ್ರಸಾದ ಕೊಟ್ಟು, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಬಂದೆ. ಎರಡು ತಿಂಗಳಾಗಿರಬಹುದು, ಒಂದು ದಿನ ಬೆಳಗಿನ ಪೂಜೆ ಮುಗಿದ ಮೇಲೆ ಅವರ ಪತ್ನಿ ಗುರುನಿವಾಸದ ಬಾಗಿಲಲ್ಲಿ ನಿಂತಿದ್ದರು.

"ಫಾದರ್, ಇವರು ಯಾಕೋ ಮೊದಲಿನ ಹಾಗಿಲ್ಲ. ರಾತ್ರಿಯೆಲ್ಲ ಎದ್ದು ಕೂತಿರ್ತಾರೆ. ಮೊಮ್ಮಗು ಬಂದರೂ ಎತ್ತಿಕೊಳ್ಳಲ್ಲ. ಮಾತ್ರೆ ಕೊಟ್ಟರೆ ಇನ್ನು ಯಾಕೆ ಅಂತಾರೆ. ನೀವು ಬಂದು ಒಂದು ಮಾತು ಹೇಳಿ."

ಹೋಗಿ ಹೇಳಿದೆ. ಧೈರ್ಯ ತಂದುಕೊಳ್ಳಿ, ದೇವರು ಮರುಜನ್ಮ ಕೊಟ್ಟಿದ್ದಾನೆ, ದಿನವೂ ಜಪಸರ ಹೇಳಿ ಎಂದೆ. ಅವರು ತಲೆಯಾಡಿಸಿದರು. ನಿದ್ದೆ ಬರುತ್ತದೆಯೇ, ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಬದುಕುವುದೇ ಬೇಡವೆನಿಸುತ್ತಿದೆಯೇ ಎಂದು ನಾನು ಕೇಳಲಿಲ್ಲ. ನಾಲ್ಕು ತಿಂಗಳ ನಂತರ ಅವರಿಗೆ ಎರಡನೆಯ ಆಘಾತವಾಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಅವರು ಬಹಳ ದಿನಗಳಿಂದ ಬಿಟ್ಟುಬಿಟ್ಟಿದ್ದರೆಂದು ಆಸ್ಪತ್ರೆಯಲ್ಲಿ ತಿಳಿಯಿತು. ಅಲ್ಲಿನ ವೈದ್ಯರು ಹೃದಯವನ್ನು ನೋಡಿ ಮುಗಿಸಿದ ಮೇಲೆ ಮನೋವೈದ್ಯರನ್ನೂ ಕರೆಸಿದರು. "ಇವರಿಗೆ ಖಿನ್ನತೆ ಬಂದು ಆರು ತಿಂಗಳಾಗಿರಬೇಕು" ಎಂದರಂತೆ ಆ ವೈದ್ಯರು.

ಅಂದಿನಿಂದ ಈ ವಿಷಯದ ಬಗ್ಗೆ ಓದಿ, ವೈದ್ಯ ಮಿತ್ರರನ್ನು ಕೇಳಿ ತಿಳಿದುಕೊಂಡದ್ದನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ನಾನು ವೈದ್ಯನಲ್ಲ. ಆದರೆ ರೋಗಿಯ ಹಾಸಿಗೆಯ ಬಳಿಗೂ ಸಾವಿನ ಮನೆಗೂ ಮೊದಲು ಹೋಗುವವರಲ್ಲಿ ನಾನೂ ಒಬ್ಬ, ನೀವೂ ಹೋಗುತ್ತೀರಿ.

ಹಳೆಯವರು ಕಂಡದ್ದು

ನಮ್ಮ ಹಿರಿಯರು ವೈದ್ಯಶಾಸ್ತ್ರ ಓದಿದವರಲ್ಲ. ಆದರೂ ಮಗ ಮನೆಬಿಟ್ಟು ಹೋದ ತಾಯಿಯನ್ನು ಕುರಿತು "ಕೊರಗಿ ಕೊರಗಿ ಸತ್ತಳು" ಎಂದರು. ಸಾಲದ ನೋಟೀಸು ಬಂದವನ "ಎದೆ ಧಸಕ್ಕೆಂದಿತು" ಎಂದರು. ಕೆಟ್ಟ ಸುದ್ದಿ ಕೇಳಿದವಳ "ಎದೆಯೊಡೆಯಿತು" ಎಂದರು. ಇವೆಲ್ಲ ಮಾತಿನ ಅಲಂಕಾರವೆಂದು ಶಾಲೆಯಲ್ಲಿ ನಮಗೆ ಹೇಳಿಕೊಟ್ಟರು. ಪೂರ್ತಿ ಅಲಂಕಾರವಲ್ಲವೆಂದು ಈಗ ವೈದ್ಯರೇ ಹೇಳುತ್ತಿದ್ದಾರೆ.

ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರಿದ್ದರು. ಅವರಿಗೆ ಎದೆನೋವಿನ ಕಾಯಿಲೆಯಿತ್ತು, ಸ್ವಭಾವ ಮುಂಗೋಪದ್ದು. ತನ್ನನ್ನು ಕೆಣಕಿ ರೇಗಿಸಬಲ್ಲ ಯಾವ ಪುಂಡನ ಕೈಯಲ್ಲಾದರೂ ತನ್ನ ಪ್ರಾಣವಿದೆ ಎಂಬ ಅರ್ಥದ ಮಾತನ್ನು ಅವರು ಆಗಾಗ ಆಡುತ್ತಿದ್ದರಂತೆ. 1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯೊಂದರಲ್ಲಿ ಬಿಸಿಬಿಸಿ ವಾಗ್ವಾದ ನಡೆಯಿತು. ಹಂಟರ್ ಅಲ್ಲಿಯೇ ಕುಸಿದು ಸತ್ತರು.

ಇನ್ನೂ ಹಿಂದಕ್ಕೆ ಹೋಗಬಹುದು. ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಡೆಕಾರ್ಟ್ ಎಂಬ ಫ್ರೆಂಚ್ ದಾರ್ಶನಿಕ ನಮಗೆ ಬಹಳ ಆಕರ್ಷಕವಾಗಿ ಕಂಡಿದ್ದ. ಮನಸ್ಸು ಬೇರೆಯೇ ವಸ್ತು, ದೇಹ ಬೇರೆಯೇ ವಸ್ತು, ದೇಹ ಒಂದು ಯಂತ್ರದಂತೆ ಎಂದವನು ಆತ. ಅವನಿಗಿಂತ ನಾಲ್ಕು ಶತಮಾನಗಳ ಹಿಂದಿನ ಸಂತ ಥಾಮಸ್ ಅಕ್ವಿನಾಸರು ಹಾಗೆ ಒಡೆದು ನೋಡಿರಲಿಲ್ಲ. ‘ಸುಮ್ಮಾ ಥಿಯಾಲಾಜಿಯೆ’ಯಲ್ಲಿ ಅವರು ನೇರವಾಗಿ ಒಂದು ಪ್ರಶ್ನೆಯನ್ನೆತ್ತುತ್ತಾರೆ: ಉಳಿದ ಭಾವಗಳಿಗಿಂತ ದುಃಖವು ದೇಹಕ್ಕೆ ಹೆಚ್ಚು ಹಾನಿಕರವೇ? ಹೌದು ಎಂಬುದು ಅವರ ಉತ್ತರ. ಜೀವದ ಚಲನೆ ಹೃದಯದಿಂದ ದೇಹಕ್ಕೆಲ್ಲ ಹರಿಯುತ್ತದೆ, ದುಃಖ ಆ ಚಲನೆಗೇ ಎದುರಾಗಿ ನಿಲ್ಲುತ್ತದೆ ಎಂಬುದು ಅವರ ವಾದ. ಅದರ ಮುಂದಿನ ಭಾಗದಲ್ಲಿ ದುಃಖಕ್ಕೆ ಪರಿಹಾರಗಳನ್ನು ಹೇಳುತ್ತಾರೆ. ದೊಡ್ಡ ಉಪದೇಶವನ್ನು ನಿರೀಕ್ಷಿಸಿ ಓದಿದವನಿಗೆ ಅಲ್ಲಿ ಸಿಗುವುದು ಅಳುವುದು, ಸ್ನೇಹಿತರ ಅನುಕಂಪ, ನಿದ್ದೆ, ಸ್ನಾನ! ಸತ್ಯದ ಧ್ಯಾನವೂ ಪಟ್ಟಿಯಲ್ಲಿದೆ, ಆದರೆ ನಿದ್ದೆ ಮತ್ತು ಸ್ನಾನಕ್ಕೂ ಒಂದು ಪೂರ್ತಿ ಪ್ರಕರಣವನ್ನೇ ಮೀಸಲಿಟ್ಟಿದ್ದಾರೆ. ಪರೀಕ್ಷೆಗೆಂದು ಇದನ್ನು ಬಾಯಿಪಾಠ ಮಾಡಿದ ನಾನು ಆ ಚಾಲಕರ ಮನೆಯಲ್ಲಿ ಕೂತಾಗ ನಿದ್ದೆಯ ವಿಷಯವನ್ನೇ ಕೇಳಲಿಲ್ಲ, ನೋಡಿ.

ಇಂದಿನವರು ಅಳೆದದ್ದು

2004ರಲ್ಲಿ ‘ಇಂಟರ್‌ಹಾರ್ಟ್’ ಎಂಬ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. 52 ದೇಶಗಳಲ್ಲಿ ಮೊದಲ ಹೃದಯಾಘಾತವಾದ ಸುಮಾರು 15,000 ಮಂದಿಯನ್ನು, ಆಘಾತವಾಗದ ಅಷ್ಟೇ ಮಂದಿಯೊಂದಿಗೆ ಹೋಲಿಸಿ ನೋಡಿದ ಅಧ್ಯಯನ ಅದು. ಅದರ ಮುಂದಾಳು ಡಾ. ಸಲೀಂ ಯೂಸುಫ್. ಕೇರಳದಲ್ಲಿ ಹುಟ್ಟಿದ ಇವರು ವೈದ್ಯ ಪದವಿ ಪಡೆದದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಎಂಬುದು ನಮಗೆ ಸಂತೋಷದ ಸಂಗತಿ. ಹೃದಯಾಘಾತದ ಅಪಾಯದ ಬಹುಪಾಲನ್ನು ಒಂಬತ್ತು ಕಾರಣಗಳು ವಿವರಿಸುತ್ತವೆ ಎಂದು ಆ ಅಧ್ಯಯನ ತೋರಿಸಿತು. ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಬ್ಬು, ಹೊಟ್ಟೆಯ ಬೊಜ್ಜು ಇವೆಲ್ಲ ನಿಮಗೆ ಗೊತ್ತಿರುವವೇ. ಅದೇ ಸಾಲಿನಲ್ಲಿ ಮನಸ್ಸಿಗೆ ಸಂಬಂಧಿಸಿದ ಕಾರಣವೂ ಇತ್ತು: ಮನೆ ಮತ್ತು ಕೆಲಸದ ಒತ್ತಡ, ಹಣದ ಮುಗ್ಗಟ್ಟು, ಬದುಕಿನಲ್ಲಿ ಬಡಿದ ದೊಡ್ಡ ಪೆಟ್ಟು, ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿದ ಖಿನ್ನತೆ. ಒಟ್ಟು ಅಪಾಯದ ಸುಮಾರು ಮೂರನೇ ಒಂದು ಭಾಗವನ್ನು ಇದರ ಲೆಕ್ಕಕ್ಕೆ ಹಾಕಿದರು. ಧೂಮಪಾನದ ಪಾಲಿಗಿಂತ ಇದು ಹೆಚ್ಚೇನೂ ಕಡಿಮೆಯಲ್ಲ. ಆಘಾತವಾದ ಮೇಲೆ ಕೇಳಿದ ಪ್ರಶ್ನೆಗಳಿಗೆ ಬಂದ ಉತ್ತರಗಳಿವು, ನೆನಪು ಸ್ವಲ್ಪ ಬಣ್ಣ ಹಚ್ಚಿರಬಹುದು ಎಂಬ ಆಕ್ಷೇಪವಿದೆ. ಅದು ನ್ಯಾಯವಾದ ಆಕ್ಷೇಪ. ಆದರೆ ಬೇರೆ ಬೇರೆ ರೀತಿಯಲ್ಲಿ ನಡೆದ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸಿವೆ.

ಅದೇ ಅಧ್ಯಯನದ ಇನ್ನೊಂದು ಅಂಕಿ ನಮ್ಮ ಮನೆಗಳಿಗೆ ಹತ್ತಿರದ್ದು. ಭಾರತ ಮತ್ತು ನೆರೆಯ ದೇಶಗಳವರಿಗೆ ಮೊದಲ ಆಘಾತ ಸರಾಸರಿ 53ನೆಯ ವಯಸ್ಸಿಗೇ ಬಂದಿತ್ತು. ಉಳಿದ ದೇಶಗಳಲ್ಲಿ ಸುಮಾರು 59ಕ್ಕೆ. ಮಗಳ ಮದುವೆ, ಮಗನ ಫೀಸು, ಮನೆಯ ಸಾಲ ಎಲ್ಲವೂ ಹೆಗಲ ಮೇಲಿರುವ ವಯಸ್ಸು ಅದು.

ಮನಸ್ಸಿನ ಭಾರ ಎದೆಗೆ ಇಳಿಯುವುದು ಹೇಗೆ? ಹೋರಿಯೊಂದು ಅಟ್ಟಿಸಿಕೊಂಡು ಬಂದರೆ ನಮ್ಮ ದೇಹ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಯುತ್ತದೆ. ಎದೆ ಜೋರಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ಗಾಯವಾದರೆ ಬೇಗ ಹೆಪ್ಪುಗಟ್ಟಲೆಂದು ರಕ್ತದ ಕಣಗಳು ಒಂದಕ್ಕೊಂದು ಅಂಟಿಕೊಳ್ಳಲು ಸಿದ್ಧವಾಗುತ್ತವೆ. ಓಡಿ ಬೇಲಿ ಹಾರಿದ ಮೇಲೆ ಎಲ್ಲವೂ ತಣ್ಣಗಾಗುತ್ತದೆ. ದೇವರು ಕೊಟ್ಟ ಒಳ್ಳೆಯ ಏರ್ಪಾಡು. ಆದರೆ ಅಣ್ಣತಮ್ಮಂದಿರ ಜಮೀನಿನ ಕೇಸು ಬೇಲಿ ಹಾರಿದರೂ ಬಿಡದ ಹೋರಿ. ಅದು ರಾತ್ರಿ ಹಾಸಿಗೆಗೂ ಬರುತ್ತದೆ. ಕಾರ್ಟಿಸಾಲ್ ಎಂಬ ಇನ್ನೊಂದು ರಸ ತಿಂಗಳುಗಟ್ಟಲೆ ಏರಿದ್ದಲ್ಲಿಯೇ ಇದ್ದರೆ ಸಕ್ಕರೆ ಏರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ. ರಕ್ತನಾಳಗಳ ಒಳಗೋಡೆಯಲ್ಲಿ ಸಣ್ಣ ಉರಿಯೂತ ಆರದೆ ಉಳಿಯುತ್ತದೆ. 2017ರಲ್ಲಿ ಅಮೆರಿಕದ ವೈದ್ಯರು 293 ಮಂದಿಯ ಮಿದುಳಿನ ಸ್ಕ್ಯಾನ್ ನೋಡಿ, ಭಯವನ್ನು ಹಿಡಿದಿಡುವ ಅಮಿಗ್ಡಲಾ ಎಂಬ ಭಾಗ ಹೆಚ್ಚು ಚುರುಕಾಗಿದ್ದವರಲ್ಲಿ ರಕ್ತನಾಳಗಳ ಉರಿಯೂತವೂ ಮುಂದೆ ಹೃದಯದ ತೊಂದರೆಯೂ ಹೆಚ್ಚಾಗಿದ್ದುದನ್ನು ಕಂಡರು.

ಇದರ ಜೊತೆಗೆ ಕಣ್ಣಿಗೆ ಕಾಣುವ ದಾರಿಯೂ ಇದೆ. ಮನಸ್ಸು ಕುಗ್ಗಿದವನು ವಾಕಿಂಗ್ ಬಿಡುತ್ತಾನೆ, ಬೀಡಿ ಹೆಚ್ಚಿಸುತ್ತಾನೆ, ಸಂಜೆಯಾದರೆ ಬಾಟಲಿ ಹುಡುಕುತ್ತಾನೆ, ಮಾತ್ರೆ ಮರೆಯುತ್ತಾನೆ. ನಮ್ಮ ಚಾಲಕರ ವಿಷಯದಲ್ಲಿ ಕಾರ್ಟಿಸಾಲ್ ಎಷ್ಟು ಕೆಲಸ ಮಾಡಿತೋ ನನಗೆ ಗೊತ್ತಿಲ್ಲ. ಬಿಟ್ಟ ಮಾತ್ರೆಗಳು ಮಾಡಿದ ಕೆಲಸ ಎಲ್ಲರಿಗೂ ಗೊತ್ತು.

ಆಸ್ಪತ್ರೆಯಿಂದ ಬಂದ ಮೇಲೆ

ಹೃದಯಾಘಾತವಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 222 ಮಂದಿ ರೋಗಿಗಳನ್ನು ಆಘಾತದ ನಂತರ ಆರು ತಿಂಗಳು ಗಮನಿಸಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಖಿನ್ನತೆಯಿದ್ದವರಲ್ಲಿ ಸಾವಿನ ಅಪಾಯ ಇಲ್ಲದವರಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ಹೃದಯಕ್ಕೆ ಎಷ್ಟು ಹಾನಿಯಾಗಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು. ಇಂತಹ ಅಧ್ಯಯನಗಳು ಕೂಡಿಬಂದ ಮೇಲೆ 2014ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಪರವಾಗಿ ಬರೆದ ತಜ್ಞರು, ಆಘಾತದ ನಂತರದ ಖಿನ್ನತೆಯನ್ನು ಅಪಾಯದ ಕಾರಣಗಳ ಸಾಲಿಗೇ ಸೇರಿಸಬೇಕೆಂದು ಶಿಫಾರಸು ಮಾಡಿದರು.

ಹಾಗಾದರೆ ಮನಸ್ಸಿಗೆ ಚಿಕಿತ್ಸೆ ಕೊಟ್ಟರೆ ಹೃದಯವೂ ಉಳಿಯುತ್ತದೆಯೇ? ಹೌದೆಂದು ಬರೆಯಲು ಆಸೆಯಾಗುತ್ತದೆ. ಆದರೆ 2,481 ರೋಗಿಗಳನ್ನು ಒಳಗೊಂಡು 2003ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಮಾತಿನ ಚಿಕಿತ್ಸೆಯಿಂದ ಖಿನ್ನತೆ ಕಡಿಮೆಯಾಯಿತಾದರೂ ಸಾವು ಮತ್ತು ಮರು ಆಘಾತಗಳ ಸಂಖ್ಯೆ ಇಳಿಯಲಿಲ್ಲ. ಆದ್ದರಿಂದ ಖಿನ್ನತೆಗೆ ಚಿಕಿತ್ಸೆ ಪಡೆದರೆ ಆಯುಷ್ಯ ಹೆಚ್ಚುತ್ತದೆಂದು ನಾನು ಯಾರಿಗೂ ಭರವಸೆ ಕೊಡಲಾರೆ. ರಾತ್ರಿ ನಿದ್ದೆ ಬರುತ್ತದೆ, ಮೊಮ್ಮಗುವನ್ನು ಎತ್ತಿಕೊಳ್ಳುವ ಮನಸ್ಸಾಗುತ್ತದೆ, ಮಾತ್ರೆ ನುಂಗಲು ಒಂದು ಕಾರಣ ಸಿಗುತ್ತದೆ. ಚಿಕಿತ್ಸೆ ಕೊಡಿಸಲು ಇಷ್ಟು ಸಾಲದೇ? ಕಾಲು ಮುರಿದವನಿಗೆ ಪಟ್ಟಿ ಕಟ್ಟಿಸುವಾಗ, ಇದರಿಂದ ಆಯುಷ್ಯ ಎಷ್ಟು ಹೆಚ್ಚುತ್ತದೆ ಎಂದು ನಾವು ಕೇಳುವುದಿಲ್ಲ.

ಖಿನ್ನತೆಯ ಮಾತ್ರೆ ಹೃದಯಕ್ಕೆ ಕೆಟ್ಟದ್ದು ಎಂಬ ಮಾತನ್ನು ಹಲವರ ಬಾಯಲ್ಲಿ ಕೇಳಿದ್ದೇನೆ. ಹಳೆಯ ಕೆಲವು ಔಷಧಿಗಳು ಎದೆಬಡಿತದ ಲಯವನ್ನು ಕೆಡಿಸಬಲ್ಲವು, ನಿಜ. ಆದರೆ ಸರ್ಟ್ರಾಲಿನ್ ಎಂಬ ಔಷಧಿಯನ್ನು ಇತ್ತೀಚೆಗಷ್ಟೇ ಹೃದಯದ ತೊಂದರೆಗೊಳಗಾದ 369 ಮಂದಿಯಲ್ಲಿ ಪರೀಕ್ಷಿಸಿ, ಅದು ಸುರಕ್ಷಿತವೆಂದು 2002ರಲ್ಲೇ ವರದಿ ಮಾಡಿದ್ದಾರೆ. ಯಾವುದು ಯಾರಿಗೆ ಎಂಬುದನ್ನು ವೈದ್ಯರು ತೀರ್ಮಾನಿಸಲಿ. ನಾವು ಮಾಡಬೇಕಾದದ್ದು, ಹೃದಯದ ಚೀಟಿಯನ್ನು ಮನೋವೈದ್ಯರಿಗೂ ಮನೋವೈದ್ಯರ ಚೀಟಿಯನ್ನು ಹೃದಯದ ವೈದ್ಯರಿಗೂ ಮುಚ್ಚುಮರೆಯಿಲ್ಲದೆ ತೋರಿಸುವುದು. ಒಂದನ್ನು ಬೀರುವಿನಲ್ಲಿಟ್ಟು ಇನ್ನೊಂದನ್ನು ಮಾತ್ರ ಕೊಂಡೊಯ್ಯುವವರು ನಮ್ಮಲ್ಲಿ ಬಹಳ.

ಇನ್ನು "ಜಾಸ್ತಿ ಯೋಚನೆ ಮಾಡಬೇಡಿ" ಎಂಬ ಉಪದೇಶ. ಜ್ವರ ಬಂದವನಿಗೆ ಮೈ ಬಿಸಿ ಮಾಡಿಕೊಳ್ಳಬೇಡ ಎಂದ ಹಾಗೆ. "ನೀನು ಯೋಚನೆ ಮಾಡಿ ಮಾಡಿಯೇ ಇದನ್ನು ತಂದುಕೊಂಡೆ" ಎನ್ನುವುದು ಅದಕ್ಕಿಂತಲೂ ಕ್ರೂರ. ಪ್ರಾರ್ಥನೆ ಕಡಿಮೆಯಾದ್ದರಿಂದ ಬಂತು ಎನ್ನುವವರೂ ಉಂಟು, ಧರ್ಮಕೇಂದ್ರಗಳ ಒಳಗೇ ಉಂಟು. ವೈದ್ಯನನ್ನು ಸೃಷ್ಟಿಸಿದವನೂ ದೇವರೇ, ಅವನಿಗೆ ಸಲ್ಲಬೇಕಾದ ಗೌರವ ಸಲ್ಲಿಸು ಎಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯ ಹೇಳುತ್ತದೆ. ಆ ವೈದ್ಯರಲ್ಲಿ ಮನೋವೈದ್ಯರನ್ನು ಬಿಟ್ಟು ಎಂದು ಅಲ್ಲೆಲ್ಲೂ ಬರೆದಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಾಗ, ಮರುದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಒಳ್ಳೆಯದೇ. ಹೃದಯಕ್ಕಾಗಿ ಸಾಲಿನಲ್ಲಿ ನಿಲ್ಲಲು ನಮಗೆ ನಾಚಿಕೆಯಿಲ್ಲ. ಮನಸ್ಸಿಗಾಗಿ ಹೋಗಬೇಕಾದರೆ ಮಾತ್ರ ಪಕ್ಕದ ಊರಿನ ಆಸ್ಪತ್ರೆ, ಮುಸ್ಸಂಜೆಯ ಹೊತ್ತು, ತಲೆಯ ಮೇಲೆ ಸೆರಗು. ಹೋಗಲು ಸಂಕೋಚಪಡುವವರಿಗೆಂದೇ 2022ರಿಂದ ‘ಟೆಲಿ ಮಾನಸ್’ ಎಂಬ ಸರ್ಕಾರಿ ದೂರವಾಣಿ ಸೇವೆಯಿದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಸ್ಕಿಜೋಫ್ರೇನಿಯಾದಂತಹ ತೀವ್ರ ಮಾನಸಿಕ ಕಾಯಿಲೆಯುಳ್ಳವರ ಬಗ್ಗೆಯೂ ಒಂದು ಮಾತು. ಅವರು ಇತರರಿಗಿಂತ 10ರಿಂದ 20 ವರ್ಷ ಮುಂಚೆ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಹೃದಯ ಕಾಯಿಲೆಯ ಪಾಲು ದೊಡ್ಡದು. ಕೆಲವು ಔಷಧಿಗಳಿಂದ ತೂಕ, ಸಕ್ಕರೆ ಏರುತ್ತವೆ. ಮನೆಯವರು ಆ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು; ಆದರೆ ವರ್ಷಕ್ಕೊಮ್ಮೆಯಾದರೂ ಬಿ.ಪಿ., ಸಕ್ಕರೆ, ಕೊಬ್ಬಿನ ಪರೀಕ್ಷೆ ಮಾಡಿಸಬೇಕು. ಎದೆನೋವೆಂದರೆ "ಅವನು ಹಾಗೇ ಏನೇನೋ ಹೇಳ್ತಾನೆ" ಎಂದು ತಳ್ಳಿಹಾಕಬಾರದು.

ಸಾವಿನ ಮನೆಯಲ್ಲಿ

ದೀರ್ಘ ಕೊರಗಿನ ಮಾತಾಯಿತು. ಒಂದೇ ಏಟಿಗೆ ಬಡಿಯುವ ದುಃಖವೂ ಇದೆ. 1994ರ ಜನವರಿ 17ರ ನಸುಕಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಭೂಕಂಪವಾಯಿತು. ಹೃದಯದ ಕಾಯಿಲೆಯಿಂದ ದಿನಕ್ಕೆ ಸರಾಸರಿ ಐವರು ಹಠಾತ್ತಾಗಿ ಸಾಯುತ್ತಿದ್ದ ಆ ಪ್ರದೇಶದಲ್ಲಿ ಅಂದು ಒಂದೇ ದಿನ 24 ಮಂದಿ ಹಾಗೆ ಸತ್ತರು. ಮುಂದಿನ ಕೆಲವು ದಿನ ಆ ಸಂಖ್ಯೆ ಸರಾಸರಿಗಿಂತಲೂ ಕೆಳಗಿಳಿಯಿತು. ಎದೆ ಮೊದಲೇ ದುರ್ಬಲವಾಗಿದ್ದವರನ್ನು ಭಯ ಸ್ವಲ್ಪ ಬೇಗ ಕರೆದೊಯ್ದಿತು ಎಂದು ಸಂಶೋಧಕರು ಊಹಿಸಿದರು.

ಜಪಾನಿನ ವೈದ್ಯರು 1990ರಲ್ಲಿ ವಿವರಿಸಿದ ಕಾಯಿಲೆಯೊಂದಕ್ಕೆ ‘ಟಾಕೊತ್ಸುಬೊ’ ಎಂದು ಹೆಸರು. ಅದು ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯುವ, ಕಿರಿದಾದ ಬಾಯಿಯ ಮಡಕೆಯ ಹೆಸರು. ಭಾರಿ ದುಃಖ ಅಥವಾ ಭಯದ ನಂತರ ಹೃದಯದ ಎಡಕೋಣೆಯ ತುದಿ ಶಕ್ತಿಗುಂದಿ ಆ ಮಡಕೆಯಂತೆ ಉಬ್ಬಿಕೊಳ್ಳುತ್ತದೆ. ಎದೆನೋವು, ಉಸಿರಿನ ಕಷ್ಟ, ಇ.ಸಿ.ಜಿ.ಯಲ್ಲಿ ಬದಲಾವಣೆ ಎಲ್ಲವೂ ಹೃದಯಾಘಾತದಂತೆಯೇ. ಆದರೆ ಅದಕ್ಕೆ ಕಾರಣವಾಗುವಂತಹ ತಡೆ ರಕ್ತನಾಳದಲ್ಲಿ ಕಾಣುವುದಿಲ್ಲ. ಹತ್ತರಲ್ಲಿ ಒಂಬತ್ತು ರೋಗಿಗಳು ಹೆಂಗಸರು, ಹೆಚ್ಚಿನವರು ಮುಟ್ಟು ನಿಂತವರು. ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರು ಸಾಯುವುದೂ ಉಂಟು. ತೀರಾ ಅಪರೂಪಕ್ಕೆ ಅತಿಯಾದ ಸಂತೋಷದಿಂದಲೂ ಇದು ಬರುತ್ತದಂತೆ. ಮದುವೆ ಮನೆಯವರು ಗಾಬರಿಯಾಗಬೇಕಿಲ್ಲ.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಗಂಡಸಿಗೆ ಎದೆನೋವು ಬಂದರೆ ಆಟೋ ಕರೆಯುತ್ತಾರೆ. ಹೆಂಗಸಿಗೆ ಬಂದರೆ "ಗ್ಯಾಸ್ ಇರಬೇಕು, ಅತ್ತೂ ಅತ್ತೂ ಹೀಗಾಗಿದೆ" ಎಂದು ಸೋಡಾ ತರಿಸುತ್ತಾರೆ. ಅದು ಗ್ಯಾಸೋ, ಗಾಬರಿಯೋ, ಟಾಕೊತ್ಸುಬೊವೋ, ನಿಜವಾದ ಹೃದಯಾಘಾತವೋ ಎಂದು ಮನೆಯಲ್ಲಿ ಕೂತು ಯಾರೂ ಹೇಳಲಾರರು. ಆಸ್ಪತ್ರೆಯಲ್ಲಿ ಇ.ಸಿ.ಜಿ. ಮೊದಲಾಗಲಿ, ಸಮಾಧಾನದ ಮಾತು ಆಮೇಲಾಗಲಿ.

ಆಪ್ತರನ್ನು ಕಳೆದುಕೊಂಡವರ ವಿಷಯದಲ್ಲಿ 2012ರಲ್ಲಿ ಅಮೆರಿಕದಿಂದ ಬಂದ ವರದಿಯೊಂದು ನನ್ನ ಮನಸ್ಸಿನಲ್ಲಿ ಉಳಿದಿದೆ. ಹೃದಯಾಘಾತವಾದ ಸುಮಾರು 2,000 ಮಂದಿಯನ್ನು ಮಾತನಾಡಿಸಿ ಮಾಡಿದ ಅಧ್ಯಯನ. ಆಪ್ತರೊಬ್ಬರು ಸತ್ತ ಮೊದಲ 24 ಗಂಟೆಗಳಲ್ಲಿ ಆಘಾತದ ಅಪಾಯ ಸಾಮಾನ್ಯ ದಿನಗಳಿಗಿಂತ ಸುಮಾರು 21 ಪಟ್ಟು ಹೆಚ್ಚು. ದಿನ ಕಳೆದಂತೆ ಅದು ಇಳಿಯುತ್ತ ಹೋಗುತ್ತದೆ. ಗಾಬರಿ ಬೇಡ: ಮೊದಲೇ ಹೆಚ್ಚು ಅಪಾಯವಿರುವವರಲ್ಲೂ, ದುಃಖಕ್ಕೊಳಗಾದ ಸುಮಾರು 320 ಮಂದಿಯಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಆಘಾತವಾಗುತ್ತದೆ ಎಂಬುದು ಅವರ ಲೆಕ್ಕ. ಆದರೆ ಆ ಮೊದಲ ದಿನ ನಮ್ಮ ಮನೆಗಳಲ್ಲಿ ಏನಾಗುತ್ತದೆ ನೆನಪಿಸಿಕೊಳ್ಳಿ. ವಿಧವೆಯಾದ ತಾಯಿ ರಾತ್ರಿಯೆಲ್ಲ ಶವದ ಬಳಿ ನೆಲದ ಮೇಲೆ ಕೂತಿರುತ್ತಾರೆ. ಒಲೆ ಹಚ್ಚುವುದಿಲ್ಲ. ನೀರು ಕುಡಿದಿದ್ದಾರೋ ಇಲ್ಲವೋ ಯಾರಿಗೂ ತಿಳಿಯದು. ಮಕ್ಕಳು ಶವಪೆಟ್ಟಿಗೆ, ಸಮಾಧಿ, ಬರುವ ಬಂಧುಗಳು, ಬಸ್ಸು, ಕಾರು ಎಂದು ಓಡಾಡುತ್ತಿರುತ್ತಾರೆ. ದಿನವೂ ತಪ್ಪದೆ ತೆಗೆದುಕೊಳ್ಳಬೇಕಾದ ಬಿ.ಪಿ. ಮಾತ್ರೆಯನ್ನು ಅಂದು ಯಾರೂ ಕೇಳುವುದಿಲ್ಲ.

ಈಗ ನಾನು ಸಾವಿನ ಮನೆಗೆ ಹೋದಾಗ ಪ್ರಾರ್ಥನೆಗೆ ಮೊದಲು ಮನೆಯ ಸೊಸೆಯನ್ನೋ ಮಗಳನ್ನೋ ಪಕ್ಕಕ್ಕೆ ಕರೆದು ಆ ಒಂದು ಪ್ರಶ್ನೆ ಕೇಳುತ್ತೇನೆ. ಮೊದಮೊದಲು, ಈ ಫಾದರ್ ಹೊತ್ತುಗೊತ್ತಿಲ್ಲದೆ ಏನು ಕೇಳುತ್ತಿದ್ದಾರೆ ಎಂಬಂತೆ ನೋಡುತ್ತಿದ್ದರು. ಕಳೆದ ಮಳೆಗಾಲದಲ್ಲಿ ಒಂದು ಮನೆಯಲ್ಲಿ ಕೇಳಿದಾಗ ಮಗಳು ಬಾಯಿಗೆ ಕೈಯಿಟ್ಟುಕೊಂಡಳು. "ಅಯ್ಯೋ ಫಾದರ್, ನಿನ್ನೆ ಬೆಳಗಿನಿಂದ ಅಮ್ಮನಿಗೆ ಕೊಟ್ಟೇ ಇಲ್ಲ. ಖಾಲಿ ಹೊಟ್ಟೆಗೆ ಹೇಗೆ ಕೊಡಲಿ?" ಪಕ್ಕದ ಮನೆಯಿಂದ ಆ ಚಾಲಕರ ಪತ್ನಿ ಗಂಜಿ ತಂದರು. ಚಾಲಕರು ಜಗಲಿಯಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಂದವರಿಗೆ ಕುರ್ಚಿ ತೋರಿಸುತ್ತಿದ್ದರು. ತಾಯಿ ನಾಲ್ಕು ಗುಟುಕು ಗಂಜಿ ಕುಡಿದು, ಮಾತ್ರೆ ನುಂಗಿ, ಮಗಳ ಹೆಗಲಿಗೆ ತಲೆಯಾನಿಸಿ ಆಗ ಗಟ್ಟಿಯಾಗಿ ಅತ್ತರು. ನಾವು ಸ್ವಲ್ಪ ಹೊತ್ತು ಕಾದು, ಆಮೇಲೆ ಜಪಸರ ಪ್ರಾರಂಭಿಸಿದೆವು.